ಮಾಡಿಸಿದ್ದೂ ನಮ್ಮದೇ

ಬೆಂಗಳೂರಿನಲ್ಲಿರುವ ನಮ್ಮದೊಂದು ಮನೆಯ ಬಾಡಿಗೆ ವಸೂಲಿ ಹಾಗೂ ದುರಸ್ತಿಯ ಹೊಣೆಯನ್ನು ಒಬ್ಬ ಏಜೆಂಟರಿಗೆ ಒಪ್ಪಿಸಿದ್ದೆ. ಹುಬ್ಬಳ್ಳಿಯ ಅಂಗಡಿಯನ್ನು ಬಿಟ್ಟು ಹೋಗಿಬರುವುದು ನನಗೆ ಸಾಧ್ಯವಿರಲಿಲ್ಲ. ಅವರು ತಿಂಗಳು ತಿಂಗಳೂ ತಮ್ಮ ದಲಾಲಿ ಮುರಿದುಕೊಂಡು ಹಣ ಕಳುಹಿಸುತ್ತಿದ್ದರು. ಆಗಾಗ ‘ದುರಸ್ತಿ ಖರ್ಚು’ ಎಂದು ಇನ್ನಷ್ಟು ಕಡಿತವಾಗುತ್ತಿತ್ತು. ರಸೀದಿ ಬರುತ್ತಿರಲಿಲ್ಲ; ನಾನೂ ಕೇಳಲಿಲ್ಲ.

ಒಂದು ದಿನ ಬಾಡಿಗೆದಾರರೇ ದೂರವಾಣಿ ಮಾಡಿದರು. “ಮಾಳಿಗೆ ಸೋರುತ್ತಿರುವುದಕ್ಕೆ ಮೂರು ತಿಂಗಳಾಯಿತು, ಸಾಹುಕಾರರೇ. ಏಜೆಂಟರನ್ನು ಕೇಳಿದರೆ ನೀವು ಒಪ್ಪುತ್ತಿಲ್ಲವೆನ್ನುತ್ತಾರೆ. ಮಗುವಿನ ಹಾಸಿಗೆಯನ್ನು ಅಡುಗೆಮನೆಯಲ್ಲಿ ಹಾಸಿದ್ದೇವೆ.”

ನನಗೆ ಮೊದಲು ಬಂದದ್ದು ಕೋಪ. ನನ್ನ ಹೆಸರು ಕೆಟ್ಟಿತೆಂಬ ಕೋಪವದು. ಮಗುವಿನ ಹಾಸಿಗೆ ಆಮೇಲೆ ನೆನಪಾಯಿತು. ಮಾನಕಷಾಯವೆಂದರೆ ಇದೇ ಅಲ್ಲವೇ?

ಕೇಳಿದಾಗ ಏಜೆಂಟನು ಒಡೆಯನಿಗೆ ಲೆಕ್ಕ ಒಪ್ಪಿಸಬೇಕೆಂದು 1872ರ ಭಾರತೀಯ ಕರಾರು ಕಾಯಿದೆಯ 213ನೆಯ ಕಲಮು ವಿಧಿಸುತ್ತದೆ. ಏಜೆಂಟನ ಮೂಲಕ ಮಾಡಿದ ಕರಾರುಗಳು ಒಡೆಯನೇ ಮಾಡಿದಂತೆ ಅವನನ್ನು ಬಂಧಿಸುತ್ತವೆಂದು 226ನೆಯ ಕಲಮು ಹೇಳುತ್ತದೆ. ನಮ್ಮ ಶಾಸ್ತ್ರ ಇದಕ್ಕಿಂತ ಆಳಕ್ಕಿಳಿಯುತ್ತದೆ. ಕೃತ, ಕಾರಿತ, ಅನುಮತ ಎಂಬ ಮೂರನ್ನೂ ಲೆಕ್ಕಕ್ಕೆ ಹಿಡಿದು, ಯೋಗ, ಕಷಾಯಾದಿಗಳೊಡನೆ ಗುಣಿಸಿ, ತತ್ತ್ವಾರ್ಥಸೂತ್ರವು ಜೀವಾಧಿಕರಣದ 108 ಭೇದಗಳನ್ನು ಎಣಿಸುತ್ತದೆ.

‘ನನಗೆ ತಿಳಿದಿರಲಿಲ್ಲ’ ಎನ್ನಬಹುದು. ತಿಳಿಯದಿದ್ದುದು ನಿಜ, ಆದರೆ ತಿಳಿಯಲು ಯತ್ನಿಸದಿದ್ದುದು ಪ್ರಮಾದ. ಹಿಂಸೆಯ ಲಕ್ಷಣವನ್ನು ಹೇಳುವಾಗ ಸೂತ್ರಕಾರರು ಪ್ರಮತ್ತಯೋಗವನ್ನೇ ಮುಂದಿಟ್ಟಿದ್ದಾರೆ. ಬಾಡಿಗೆ ಸಕಾಲಕ್ಕೆ ಬರುತ್ತಿದ್ದುದರಿಂದ ನನ್ನ ಕಣ್ಣು ಮುಚ್ಚಿತ್ತು.

ಹಾಗಾದರೆ ಏಜೆಂಟರನ್ನು ಕ್ಷಮಿಸಿ ಸುಮ್ಮನಿರುವುದು ಧರ್ಮವೇ? ಅಲ್ಲ. ಕ್ಷಮೆಯಲ್ಲಿ ಬಿಡಬೇಕಾದುದು ಕ್ರೋಧವನ್ನು, ಲೆಕ್ಕವನ್ನಲ್ಲ. ನಾನು ಸುಮ್ಮನಿದ್ದರೆ ಇನ್ನೊಂದು ಮನೆಯ ಮಾಳಿಗೆಯೂ ಸೋರುತ್ತದೆ. ಆದುದರಿಂದ ಮೊದಲು ಮಾಳಿಗೆ ದುರಸ್ತಿ ಮಾಡಿಸಿದೆ; ಬಾಡಿಗೆದಾರರಲ್ಲಿ ಕ್ಷಮೆ ಕೇಳಿ ಮೂರು ತಿಂಗಳ ಬಾಡಿಗೆಯಲ್ಲಿ ಅರ್ಧವನ್ನು ಬಿಟ್ಟುಕೊಟ್ಟೆ. ಬಳಿಕ ಏಜೆಂಟರಿಗೆ ಕಟುಮಾತಿಲ್ಲದ ಒಂದು ಪತ್ರ ಬರೆದು, ಹದಿನೈದು ದಿನಗಳಲ್ಲಿ ರಸೀದಿಸಹಿತ ಲೆಕ್ಕ ಕೇಳಿದೆ. ಎರಡು ಖರ್ಚುಗಳಿಗೆ ರಸೀದಿ ಸಿಗಲಿಲ್ಲ. ಆ ಹಣವನ್ನು ಅವರು ಹಿಂದಿರುಗಿಸಿದರು. ಮುಂದಿನ ತಿಂಗಳಿನಿಂದ ವ್ಯವಹಾರ ನಿಲ್ಲಿಸುವುದಾಗಿ ಮೊದಲೇ ತಿಳಿಸಿ, ಸಲ್ಲಬೇಕಾದ ದಲಾಲಿಯನ್ನು ಪೂರ್ತಿ ಸಲ್ಲಿಸಿದೆ.

ನಮ್ಮ ಅನೇಕ ಬಸದಿಗಳಿಗೂ ಬಾಡಿಗೆಯ ಮಳಿಗೆಗಳುಂಟು, ವಸೂಲಿಗೆ ಬೇರೊಬ್ಬರುಂಟು. ಟ್ರಸ್ಟಿನ ಬಂಧುಗಳು ವರ್ಷಕ್ಕೊಮ್ಮೆಯಾದರೂ ಆ ಮಳಿಗೆಗಳಿಗೆ ತಾವೇ ಹೋಗಿ, ಬಾಡಿಗೆದಾರರ ಮಾತನ್ನು ನೇರವಾಗಿ ಕೇಳಲಿ. ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಬಹುದು. ಅದರ ಆಸ್ರವವನ್ನು ಒಪ್ಪಿಸಲಾಗದು.