ಕರಿಹೊಗೆಯೂ ಕರ್ಮವೂ

ಪರ್ವತದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಅಗ್ನಿಯಿದೆಯೆಂದು ಊಹಿಸುವುದು ನಮ್ಮ ತರ್ಕಶಾಸ್ತ್ರದ ಬಾಲಪಾಠ. ಆದರೆ ಸಿಂಧನೂರಿನ ಭತ್ತದ ಚೀಲಗಳನ್ನು ಹೇರಿಕೊಂಡು, ಮಸ್ಕಿ ಲಿಂಗಸುಗೂರುಗಳನ್ನು ಹಿಂದಿಕ್ಕಿ, ಗುರುಗುಂಟಾದ ಮಾರ್ಗವಾಗಿ ಕೃಷ್ಣೆಯ ಮೇಲಿನ ತಿಂಥಣಿಯ ಸೇತುವೆಯತ್ತ ಏದುತ್ತ ಸಾಗುವ, ಹಿಂದೆ ಬರುವವರಿಗೆ ದಾರಿಯೇ ಕಾಣದಂತೆ ಕರಿಹೊಗೆಯನ್ನು ಉಗುಳುವ ಹಳೆಯ ಲಾರಿಯೊಂದರ ಮುಂದೆ ಈ ಪಾಠವು ಸಾಲದಾಗುತ್ತದೆ. ಅಲ್ಲಿ ಅಗ್ನಿಯ ಅಸ್ತಿತ್ವದಲ್ಲಿ ಯಾರಿಗೂ ಸಂದೇಹವಿಲ್ಲ. ಡೀಸೆಲ್ಲು ಪೂರ್ಣವಾಗಿ ಉರಿಯದೆ ಮಸಿಯಾಗಿ ಹೊರಬಿದ್ದುದೇಕೆಂಬುದೇ ಜಿಜ್ಞಾಸೆ.

ಒಂದು ತೂಕದ ಡೀಸೆಲ್ಲು ನಿಶ್ಶೇಷವಾಗಿ ಉರಿಯಬೇಕಾದರೆ ಸುಮಾರು ಹದಿನಾಲ್ಕೂವರೆ ತೂಕದ ಗಾಳಿ ಬೇಕು. ಯಂತ್ರದೊಳಗೆ ಅವೆರಡೂ ಬೆರೆಯಲು ದೊರೆಯುವ ಕಾಲವು ಅತ್ಯಲ್ಪವಾದುದರಿಂದ ಗಾಳಿಯು ಇದಕ್ಕಿಂತಲೂ ಹೆಚ್ಚಾಗಿಯೇ ಇರಬೇಕು. ಈ ಪ್ರಮಾಣವು ಕೆಡುವುದಕ್ಕೆ ದಾರಿಗಳು ಅನೇಕ. ಸುಗ್ಗಿಯ ಧೂಳೂ ಹೊಟ್ಟೂ ಸೇರಿ ಏರ್ ಫಿಲ್ಟರು ಕಟ್ಟಿಕೊಂಡಿರಬಹುದು. ಟರ್ಬೋ ಸೋತಿರಬಹುದು, ಇಲ್ಲವೆ ಅದರ ಹೋಸ್ ಪೈಪು ಸೀಳಿರಬಹುದು. ನಾಜಲ್ಲು ಡೀಸೆಲ್ಲನ್ನು ಮಂಜಿನಂತೆ ಚಿಮುಕಿಸುವ ಬದಲು ತೊಟ್ಟಿಕ್ಕಿಸುತ್ತಿರಬಹುದು. ಪಂಪಿನ ಟೈಮಿಂಗು ಹಿಂದೆ ಸರಿದಿರಬಹುದು. ಲಕ್ಷಾಂತರ ಕಿಲೋಮೀಟರುಗಳ ಓಟದಿಂದ ರಿಂಗುಗಳು ಸವೆದು ಕಂಪ್ರೆಷನ್ ಇಳಿದಿರಬಹುದು. ಕಾರ್ಯವೊಂದೇ, ಕಾರಣಗಳು ಹಲವು. ಹೊಗೆಯನ್ನು ಅಳೆಯುವ ಯಂತ್ರವೂ ಇಲ್ಲಿ ಸಹಾಯಕ್ಕೆ ಬಾರದು. 1989ರ ಮೋಟಾರು ವಾಹನ ನಿಯಮಗಳು ಹಳೆಯ ಡೀಸೆಲ್ ಬಂಡಿಗಳಿಗೆ ವಿಧಿಸಿದ 65 ಹಾರ್ಟ್‌ರಿಜ್ ಯೂನಿಟ್ಟುಗಳ ಮಿತಿಯನ್ನು ಹೊಗೆ ಮೀರಿತೆಂದು ಅದು ಹೇಳೀತು, ಏಕೆ ಮೀರಿತೆಂದು ಹೇಳಲಾರದು.

ಈ ತೊಡಕು ಗೌತಮರ ನ್ಯಾಯಸೂತ್ರಗಳಿಗೆ ಅಪರಿಚಿತವಾದುದಲ್ಲ. ಕಾರ್ಯದಿಂದ ಕಾರಣವನ್ನು ಊಹಿಸುವುದನ್ನು ಶೇಷವತ್ ಅನುಮಾನವೆಂದು ಕರೆದು, ಭಾಷ್ಯಕಾರನಾದ ವಾತ್ಸ್ಯಾಯನನು ಅದಕ್ಕೆ ತುಂಬಿ ಹರಿಯುವ ನದಿಯನ್ನು ಉದಾಹರಿಸುತ್ತಾನೆ: ನದಿ ಉಕ್ಕಿತು, ಆದುದರಿಂದ ಮೇಲೆ ಮಳೆಯಾಗಿದೆ. ಎರಡನೆಯ ಅಧ್ಯಾಯದಲ್ಲಿ ಸೂತ್ರಕಾರರೇ ಪೂರ್ವಪಕ್ಷಿಯ ಬಾಯಿಂದ ಆಕ್ಷೇಪವನ್ನೆತ್ತುತ್ತಾರೆ: ನೀರಿಗೆ ಎಲ್ಲಿಯೋ ತಡೆಯುಂಟಾದರೂ ನದಿ ಉಬ್ಬೀತಲ್ಲವೆ? ತಿಂಥಣಿಯಲ್ಲಿ ನಿಂತವನಿಗೆ ಈ ಆಕ್ಷೇಪವು ಕೇವಲ ವಾದಚಾತುರ್ಯವಾಗಿ ತೋರಲಾರದು; ಊರಲ್ಲಿ ಹನಿ ಮಳೆಯಿಲ್ಲದಿದ್ದರೂ ನಾರಾಯಣಪುರದ ಅಣೆಕಟ್ಟಿನ ಗೇಟುಗಳನ್ನೆತ್ತಿದ ಮಾತ್ರಕ್ಕೆ ಕೃಷ್ಣೆ ಉಕ್ಕಿ ಬರುವುದನ್ನು ಈ ಸೀಮೆಯವರೆಲ್ಲರೂ ಬಲ್ಲರು. ಸಿದ್ಧಾಂತಿಯ ಸಮಾಧಾನವಿಷ್ಟು: ಬರಿಯ ಉಬ್ಬು ಹೇತುವಲ್ಲ, ವೇಗ, ನೊರೆ, ತೇಲಿ ಬರುವ ಎಲೆ ಕಾಯಿ ಕಟ್ಟಿಗೆಗಳು ಇವುಗಳಿಂದ ಕೂಡಿದ ವಿಶಿಷ್ಟವಾದ ಪ್ರವಾಹವೇ ಹೇತು. ಎಂದರೆ, ತಪ್ಪು ಅನುಮಾನದ್ದಲ್ಲ. ಸರಿಯಾಗಿ ನೋಡದೆ ಅನುಮಾನಿಸಿದವನದು.

ನುರಿತ ಮಿಸ್ತ್ರಿಯು ಈ ಸೂತ್ರಗಳನ್ನು ಓದಿರಲಾರನು, ಆದರೆ ಅವನ ನಡೆ ಇದೇ. ಹೊಗೆ ಬಿಳಿದಾದರೆ ಉರಿಯದ ಡೀಸೆಲ್ಲೋ ನೀರೋ, ನೀಲಿಯಾದರೆ ಎಂಜಿನ್ ಆಯಿಲು, ಕರಿದಾದರೆ ಮಾತ್ರ ಗಾಳಿ ಡೀಸೆಲ್ಲುಗಳ ಅಸಮತೆಯೆಂದು ಅವನು ಮೊದಲು ವಿಂಗಡಿಸುತ್ತಾನೆ. ಹೊಗೆಯು ಲೋಡಿನಲ್ಲಿ ಮಾತ್ರವೋ ನಿಂತಲ್ಲಿಯೂ ಉಂಟೋ ಎಂದು ಡ್ರೈವರನನ್ನು ಕೇಳುತ್ತಾನೆ. ಖರ್ಚಿಲ್ಲದುದರಿಂದ ಮೊದಲು ಫಿಲ್ಟರನ್ನು ಬಿಚ್ಚುತ್ತಾನೆ. ಆಮೇಲೆ ಎಂಜಿನನ್ನು ಸಣ್ಣಗೆ ಓಡಲು ಬಿಟ್ಟು, ನಾಜಲ್ಲುಗಳಿಗೆ ಹೋಗುವ ಪೈಪುಗಳ ನಟ್ಟನ್ನು, ಚಿಮ್ಮುವ ಡೀಸೆಲ್ಲಿಗೆ ಬಟ್ಟೆ ಸುತ್ತಿ, ಒಂದೊಂದಾಗಿ ಸಡಿಲಿಸುತ್ತಾನೆ. ಯಾವುದನ್ನು ಸಡಿಲಿಸಿದಾಗ ಎಂಜಿನ್ನಿನ ಸದ್ದು ಕುಂದದೆ ಹೊಗೆ ಮಾತ್ರ ಕುಂದುವುದೋ ಅದರ ಮೇಲೆ ಅವನ ಗುಮಾನಿ. ಅದು ಇಲ್ಲದಾಗ ಇದೂ ಇಲ್ಲ: ಶಾಸ್ತ್ರವು ವ್ಯತಿರೇಕವೆಂದು ಹೆಸರಿಟ್ಟು ಕೊಂಡಾಡಿದುದನ್ನು ಅವನು ಒಂದು ಪಾನಾದಿಂದ ಮಾಡಿ ತೋರಿಸುತ್ತಾನೆ ಎನ್ನಲು ನನಗೆ ಸಂಕೋಚವಿಲ್ಲ.

ಹೀಗಿರಲು, ಮನುಷ್ಯನ ದುಃಖದ ವಿಷಯದಲ್ಲಿ ನಾವು ಇಷ್ಟು ಆತುರರಾಗುವುದೇಕೆ? ಒಬ್ಬನ ಲಾರಿ ಉರುಳಿತು, ಒಬ್ಬಳ ಮಗು ಹೋಯಿತು. ಗುರುಗುಂಟಾದ ಅಮರೇಶ್ವರನ ಜಾತ್ರೆಯ ಜನಸಂದಣಿಯಲ್ಲಿಯೂ ‘ಪಡಕೊಂಡು ಬಂದದ್ದು’ ಎಂಬ ತೀರ್ಪು ಸುಲಭವಾಗಿ ಕೇಳಿಬರುತ್ತದೆ. ಜಗತ್ತಿನ ವೈಷಮ್ಯಕ್ಕೆ ಅದೃಷ್ಟವೆಂಬ, ಎಂದರೆ ಹಿಂದಿನ ಕರ್ಮದ ಕಾಣದ ಶೇಷವೆಂಬ, ಕಾರಣವನ್ನು ಸಾಮಾನ್ಯವಾಗಿ ಒಪ್ಪಲೇಬೇಕೆಂದು ಉದಯನಾಚಾರ್ಯರು ನ್ಯಾಯಕುಸುಮಾಂಜಲಿಯಲ್ಲಿ ವಾದಿಸಿದರು. ಅದನ್ನು ಒಪ್ಪಿದವನ ಶ್ರದ್ಧೆಯನ್ನು ನಾನು ಅಲ್ಲಗಳೆಯಲಾರೆ. ಆದರೆ ಸಾಮಾನ್ಯದಿಂದ ಈ ತಾಯಿಯ ಈ ಪಾಪಕ್ಕೆ ಜಿಗಿಯುವುದು, ಹೊಗೆಯನ್ನು ಕಂಡೊಡನೆ ಆರನೆಯ ನಾಜಲ್ಲೇ ಕೆಟ್ಟಿದೆಯೆಂದು ಸಾರಿದಂತೆ. ಆರನ್ನೂ ಸಡಿಲಿಸಿ ನೋಡದೆ ಅದನ್ನು ಹೇಳುವಂತಿಲ್ಲ. ಪೂರ್ವಜನ್ಮದ ನಟ್ಟುಗಳಿಗೆ ಯಾರ ಪಾನಾವೂ ಎಟುಕದು.

ಎಟುಕುವ ಕಾರಣವೂ ಒಂದುಂಟು. ಫಿಲ್ಟರು ಸರಿಯಿದ್ದು, ನಾಜಲ್ಲುಗಳು ಟೆಸ್ಟಿನಲ್ಲಿ ಗೆದ್ದು, ಹೊಗೆ ಮಾತ್ರ ಏರಿನಲ್ಲಿ ನಿಲ್ಲದಿದ್ದರೆ ಮಿಸ್ತ್ರಿಯು ಕೊನೆಗೆ ಪಂಪಿನ ಸೀಲನ್ನು ನೋಡುತ್ತಾನೆ. ಹಲವು ವೇಳೆ ಅದು ಒಡೆದಿರುತ್ತದೆ. ಮಿತಿಗಿಂತ ಹೆಚ್ಚು ಚೀಲಗಳನ್ನು ಎಳೆಯಲೆಂದು ಯಾರೋ ತಿರುಪನ್ನು ತಿರುಗಿಸಿ ಡೀಸೆಲ್ಲನ್ನು ಹೆಚ್ಚಿಸಿರುತ್ತಾರೆ. ಮಾಡದ ಕರ್ಮದ ಫಲವು ಒಬ್ಬನಿಗೆ ಬಂದೊದಗುವುದನ್ನು ಅಕೃತಾಭ್ಯಾಗಮವೆಂಬ ದೋಷವಾಗಿ ಎಣಿಸಿ, ಅದು ಎಂದಿಗೂ ಸಂಭವಿಸಬಾರದೆಂದೇ ನಮ್ಮ ದಾರ್ಶನಿಕರು ಜನ್ಮಾಂತರವನ್ನು ಸಾಧಿಸಿದರು. ಇಲ್ಲಿ ನಡೆದಿರುವುದು ಅದೇ: ಬಾಡಿಗೆಯ ಲಾಭ ಮಾಲೀಕನಿಗೆ. ಮಸಿಯು ರಸ್ತೆಯ ಬದಿಯಲ್ಲಿ ಮಿರ್ಚಿ ಕರಿಯುವವಳ ಶ್ವಾಸಕ್ಕೆ. ಅವಳಿಗೂ ಪೂರ್ವಜನ್ಮವೊಂದಿತ್ತೆಂಬ ಉತ್ತರವನ್ನು ನಾನು ಬಲ್ಲೆ. ಮುರಿದ ಸೀಲು ಕಣ್ಣೆದುರಿಗೇ ಇರುವಾಗ ಅಷ್ಟು ದೂರ ಹೋಗಲು ನನ್ನ ಬುದ್ಧಿ ಒಡಂಬಡದು. ತಿರುಪನ್ನು ಮೊದಲಿನ ಗುರುತಿಗೆ ತಂದರೆ ಆ ಹೊಗೆ ನಿಲ್ಲುತ್ತದೆ. ಲಾರಿ ಏರಿನಲ್ಲಿ ತುಸು ನಿಧಾನವಾಗುತ್ತದೆ, ಚೀಲಗಳನ್ನೂ ಇಳಿಸಬೇಕಾಗುತ್ತದೆ.