ಹಳೆಯ ಕಾರು, ಐದನೆಯ ಅಣುವ್ರತ

ಕತಾರ್ ಸರ್ಕಾರದ ಮೆಟ್ರಾಶ್ ಆಪ್‌ನಲ್ಲಿ ಮಾಲೀಕರ ಹೆಸರು ಬದಲಾಯಿತು. ದೋಹಾದ ನಜ್ಮಾ ಬಡಾವಣೆಯ ಓಣಿಯಲ್ಲಿ ನಿಂತಿರುವ ಸೆಕೆಂಡ್ ಹ್ಯಾಂಡ್ ಕೊರೊಲ್ಲಾ ಈಗ ನನ್ನದಂತೆ. ಸೀಟಿನಲ್ಲಿ ಇನ್ನೂ ಹಿಂದಿನವರ ಊದಿನ ವಾಸನೆ. ಡಿಕ್ಕಿಯಲ್ಲಿ ಹಳೆ ಸಾಮಾನಿನ ಸಂತೆ ಸೂಕ್ ಹರಾಜ್‌ನಿಂದ ತಂದ ಹಳೆಯ ಶೆಲ್ಫಿನ ಹಲಗೆಗಳು, ಪೇಂಟ್ ಡಬ್ಬ.

ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಪಕ್ಕ ಬೆಳೆದವಳು ನಾನು. ಜೈನರ ಅಪರಿಗ್ರಹ ವ್ರತ ನೆನಪಾಗದೆ ಇರುತ್ತದೆಯೇ? ಗೃಹಸ್ಥರಿಗೆ ಆ ಐದನೆಯ ಅಣುವ್ರತ ಎಲ್ಲ ಬಿಡು ಎನ್ನುವುದಿಲ್ಲ, ಮಿತಿ ಹಾಕಿಕೋ ಎನ್ನುತ್ತದೆ. ಉಮಾಸ್ವಾಮಿಯ ತತ್ತ್ವಾರ್ಥಸೂತ್ರ ಮಾತ್ರ ಎಣಿಕೆಗೆ ನಿಲ್ಲದೆ, ವಸ್ತುವಿನ ಮೇಲಿನ ಮೋಹವನ್ನೇ ಪರಿಗ್ರಹ ಎನ್ನುತ್ತದೆ.

ಹೊಸ ಕಾರಿಗೆ ಗೀರು ಬಿದ್ದರೆ ಎದೆ ಉರಿಯುತ್ತದೆ. ಇದರಲ್ಲಿ ಗೀರುಗಳು ಮೊದಲೇ ಇದ್ದವು. ಹಾಗಾದರೆ ಹಳೆಯದನ್ನು ಕೊಂಡರೆ ಮೋಹ ಕಡಿಮೆಯೇ? ನನಗೆ ಅನುಮಾನ. ಅಗ್ಗಕ್ಕೆ ಸಿಕ್ಕಿತೆಂಬ ಹೆಮ್ಮೆ ಇನ್ನೂ ಗಟ್ಟಿ. ಮನೆಯ ಗೋಡೆಗೆ ಬಣ್ಣ ಬಳಿಯುವುದನ್ನು ಅರ್ಧಕ್ಕೆ ಬಿಟ್ಟು, ಸೀಟ್ ಕವರ್ ಹುಡುಕಲು ಹೊರಟಿದ್ದೇನೆ.