ಪಣಕ್ಕಿಟ್ಟದ್ದು ಯಾರದು?

ದೀಪಾವಳಿ ರಾತ್ರಿ ಇಸ್ಪೀಟು ಆಡಿದರೆ ಲಕ್ಷ್ಮಿ ಒಲಿಯುತ್ತಾಳೆ ಎಂದು ನಂಬುವವರು ಮುಂಬಯಿಯಲ್ಲಿ ಬಹಳ ಮಂದಿ. ಅಂದರ್-ಬಾಹರ್ ಆಡಿ ಸಿಕ್ಕಿಬಿದ್ದವರ ಸುದ್ದಿ ಓದುತ್ತ ಶಿರಸಿ ಕಡೆ ಬೆಳೆದ ನನಗೆ ಇದೊಂದು ವಿಚಿತ್ರ. ಆದರೂ 2003ರ ದೀಪಾವಳಿಗೆ, ಡೊಂಬಿವಿಲಿಯಲ್ಲಿ ಆಫೀಸಿನ ಗೆಳೆಯರೊಬ್ಬರ ಮನೆಯಲ್ಲಿ, ನಾನೂ ಚಕ್ಕಳಮಟ್ಟ ಹಾಕಿ ಕೂತೆ. ಆಟ ಪೋಕರ್.

ಒಂದು ಸುತ್ತು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೈಯಲ್ಲಿ ಎರಡು ಆಟೀನು, ನಡುವೆ ಬಿಚ್ಚಿಟ್ಟ ನಾಲ್ಕು ಎಲೆಗಳಲ್ಲಿ ಇನ್ನೆರಡು. ಕೊನೆಯ ಎಲೆಯೂ ಆಟೀನಾದರೆ ಗೆದ್ದಂತೆಯೇ. ಕಾಣದ ಎಲೆ 46, ಅದರಲ್ಲಿ ಆಟೀನು 9. ಐದಕ್ಕೊಂದು ಅವಕಾಶವೂ ಪೂರ್ತಿ ಇಲ್ಲ. ರಾಶಿಯಲ್ಲಿ ಎರಡು ಸಾವಿರ ಇತ್ತು. ಎದುರಿನವರು ಒಂದು ಸಾವಿರ ಹಾಕಿದರು. ನಾನೂ ಸಾವಿರ ಹಾಕಿದರೆ ಒಟ್ಟು ನಾಲ್ಕು ಸಾವಿರ. ಅಂದರೆ ನಾಲ್ಕಕ್ಕೊಂದು ಸಲವಾದರೂ ಗೆಲ್ಲುವಂತಿದ್ದರೆ ಮಾತ್ರ ಗಿಟ್ಟುವ ವ್ಯಾಪಾರ. ಅವರು ಐನೂರೇ ಹಾಕಿದ್ದರೆ ಆರಕ್ಕೊಂದು ಸಾಕಿತ್ತು, ನಾನು ಮುಂದುವರಿದದ್ದು ತಪ್ಪಾಗುತ್ತಿರಲಿಲ್ಲ. ಎಲೆ ಬೀಳುವ ಮೊದಲೇ, ಪಣದ ಅಳತೆಯಲ್ಲೇ ಆ ಮನುಷ್ಯ ನನ್ನನ್ನು ಕಟ್ಟಿಹಾಕಿದ್ದರು.

ಅಕೌಂಟ್ಸ್ ವಿಭಾಗದವನು ನಾನು, ಲೆಕ್ಕ ಬಾರದೆ ಅಲ್ಲ. 'ಆಗಲೇ ಎಂಟುನೂರು ಹಾಕಿಬಿಟ್ಟಿದ್ದೀನಲ್ಲ' ಅಂತ ಹಾಕಿದೆ. ರಾಶಿಗೆ ಬಿದ್ದ ದುಡ್ಡು ಯಾರದೂ ಅಲ್ಲ, ಅದನ್ನು ನನ್ನದು ಅಂದುಕೊಂಡೆ. ಸೋತ ಮೇಲೆ, ಹೋದದ್ದನ್ನು ಒಂದೇ ಸಲ ಎತ್ತುವ ಆಸೆಗೆ ಪಣ ದೊಡ್ಡದಾಗುತ್ತಾ ಹೋಯಿತು. ಬೆಳಗಿನ ಜಾವಕ್ಕೆ ಜೇಬು ಖಾಲಿ.

ಅದರಲ್ಲಿ ಅಪ್ಪನ ಪಂಪ್‌ಸೆಟ್ ರಿಪೇರಿಗೆ ಕಳಿಸಬೇಕಿದ್ದ ದುಡ್ಡೂ ಇತ್ತು.

ಜೂಜು ತಪ್ಪೋ ಅಲ್ಲವೋ ಎಂಬ ದೊಡ್ಡ ವಾದಕ್ಕೆ ನಾನು ಹೋಗುವುದಿಲ್ಲ. ಕಳೆದುಕೊಂಡರೂ ಯಾರ ಅನ್ನಕ್ಕೂ ಕುತ್ತು ಬಾರದಷ್ಟು ದುಡ್ಡಿಟ್ಟು ಆಡುವವರನ್ನು ಪಾಪಿಗಳೆನ್ನಲು ನನಗೆ ಮನಸ್ಸಿಲ್ಲ. ಧರ್ಮರಾಯನ ಕಥೆಯಲ್ಲೂ ನನ್ನನ್ನು ಕಾಡುವುದು ಅವನು ಆಡಿದ್ದಲ್ಲ. ಸೋತಂತೆಲ್ಲ ಪಣ ಏರಿಸುತ್ತಾ ಸಂಪತ್ತು, ತಮ್ಮಂದಿರು, ಕೊನೆಗೆ ತನ್ನನ್ನೇ ಒಡ್ಡಿ ಸೋತ. ಆಮೇಲೆ ದ್ರೌಪದಿಯನ್ನು ಒಡ್ಡಿದ. ಮೊದಲು ಸೋತದ್ದು ತನ್ನನ್ನೋ ನನ್ನನ್ನೋ ಎಂದು ಅವಳು ಕೇಳಿದ್ದಕ್ಕೆ ಸಭೆಯಲ್ಲಿ ಭೀಷ್ಮನಿಗೂ ನೆಟ್ಟಗೆ ಉತ್ತರ ಹೇಳಲಾಗಲಿಲ್ಲ. ಎಷ್ಟು ಒಡ್ಡಬೇಕು ಎನ್ನುವುದಕ್ಕಿಂತ ಮೊದಲು, ಒಡ್ಡಿದ್ದು ಯಾರದು ಎಂಬ ಪ್ರಶ್ನೆ ಅದು.

ಪರವೂರಲ್ಲಿ ದುಡಿಯುವವನಿಗೆ ಈ ಗೆರೆ ಬೇಗ ಅಳಿಸಿಹೋಗುತ್ತದೆ. ಸಂಬಳ ನನ್ನ ಹೆಸರಿಗೇ ಬರುತ್ತದೆ, ಕೇಳುವವರು ನಾನೂರು ಮೈಲಿ ಆಚೆ ಇರುತ್ತಾರೆ. ಊರಲ್ಲಾದರೆ ಅಪ್ಪನ ಮುಖ ನೋಡಿಕೊಂಡು ಆ ದುಡ್ಡು ಜೇಬಿಂದ ತೆಗೆಯಲು ಕೈ ಬರುತ್ತಿತ್ತೆ?

ಎರಡು ದಿನ ಬಿಟ್ಟು ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ, ಈ ಸಲ ಹಬ್ಬದ ಖರ್ಚು ಜಾಸ್ತಿಯಾಯಿತು ಅಂದೆ.

"ಅಡ್ಡಿಲ್ಲೆ ಮಾಣಿ, ಮುಂದಿನ ತಿಂಗ್ಳು ಕಳಸಿರಾತು. ಊಟ ಮಾತ್ರ ಸಮಾ ಮಾಡು" ಅಂದರು ಅಪ್ಪ.

ಡಿಸೆಂಬರಿನಲ್ಲಿ ದುಡ್ಡು ಕಳಿಸಿದೆ. ಯಾಕೆ ತಡವಾಯಿತೆಂದು ಅವರು ಕೇಳಲೇ ಇಲ್ಲ.